ಖಡಕಿಯಲ್ಲಿ ಶ್ರುತಿ, ಕಾರವಾರದಲ್ಲಿ ಕಛೇರಿ

ಖಡಕಿಗೆ ಸಮುದ್ರವಿಲ್ಲ. ಇರುವುದು ಮುಳಾ ನದಿ; ಅದರ ದಂಡೆಯಲ್ಲಿ ನಿಧಿ ಹುಡುಕುವುದಕ್ಕಿಂತ ಮೂಗು ಮುಚ್ಚಿಕೊಂಡು ಮನೆಗೆ ಬರುವುದೇ ಲೇಸು. ಇಂಥ ಊರಿನಲ್ಲಿ ಕಡಲತೀರದ ಮೆಟಲ್ ಡಿಟೆಕ್ಟರೊಂದು ನನ್ನ ಪಾಲಿಗೆ ಬಂದದ್ದು ಅಕ್ಕನ ಮಗನಿಂದ. ಗೋವೆಯಲ್ಲಿ ಆಡಿಸೋಣವೆಂದು ಅಮೆರಿಕದಿಂದ ತಂದಿದ್ದ. ಹಿಂದಿರುಗುವಾಗ ಪೆಟ್ಟಿಗೆ ತೂಕಕ್ಕೆ ಬಂತು. ಚಟ್ನಿಪುಡಿ ಬಿಡುವಂತಿಲ್ಲ, ಮಿಡಿ ಉಪ್ಪಿನಕಾಯಿ ಮೊದಲೇ ಬಿಡುವಂತಿಲ್ಲ. "ಮಾಮಾ, ಇದು ನಿನಗೇ ಇರಲಿ" ಎಂದ. ಪ್ರೀತಿ ಎಷ್ಟು, ಕಿಲೋ ಎಷ್ಟು ಎಂದು ನಾನು ಬಿಡಿಸಿ ನೋಡಲಿಲ್ಲ.

ಚಳಿಗಾಲದಲ್ಲಿ ಹೇಗೂ ಕಾರವಾರಕ್ಕೆ ಹೋಗುವುದಿದೆ, ಅಷ್ಟರೊಳಗೆ ಇಲ್ಲೇ ಶ್ರುತಿ ಹಿಡಿದಿಟ್ಟುಕೊಂಡರಾಯಿತು ಎಂದು ಹಾಲಿನಲ್ಲಿ ಚಾಲೂ ಮಾಡಿದೆ. ಕಿರುಚಿತು. ಅಡಿಗೆಮನೆಯಲ್ಲೂ ಕಿರುಚಿತು, ದೇವರ ಮುಂದೆಯೂ ಕಿರುಚಿತು. ಮೂರನೆಯ ಮಹಡಿಯ ಮನೆಯೆಂದರೆ ಕಾಲಡಿ ಬರೀ ಕಬ್ಬಿಣದ ಸರಳು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗೆ ಹೊಕ್ಕ ಗುಂಡನ್ನು ಹುಡುಕಲು ಗ್ರಹಾಂ ಬೆಲ್ ಇಂಥದ್ದೇ ಒಂದು ಉಪಕರಣ ಹಿಡಿದು ಹೋಗಿದ್ದ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೇ ಅಡ್ಡ ಬಂದವಂತೆ, ಗುಂಡು ಸಿಗಲಿಲ್ಲ. ಈ ಸಮಾಧಾನವನ್ನು ಮನೆಯಾಕೆಗೆ ಹೇಳಿದೆ. "ಅವರ ಕೈಯಲ್ಲಿ ಟೆಲಿಫೋನಾದರೂ ಆಗಿತ್ತು" ಎಂದಳು.

ಹೊರಗೆ ಒಯ್ಯೋಣವೆಂದರೆ ಇದು ದಂಡಿನ ಊರು. 1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಜಾಗ. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಕಂಪನಿಯವರಿಗೂ ಕಾಳಗ ನಡೆದದ್ದೂ ಈ ಸುತ್ತಿನಲ್ಲೇ. ಇಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ನೆಲ ಮೂಸುತ್ತ ತಿರುಗುವ ಮುದುಕನನ್ನು ಯಾರೂ "ಏನು ಸಿಕ್ಕಿತು?" ಎಂದು ಕೇಳುವುದಿಲ್ಲ, "ಯಾರು ಕಳಿಸಿದ್ದು?" ಎಂದೇ ಕೇಳುತ್ತಾರೆ. ಹಾಗಾಗಿ ನಮ್ಮ ಸೊಸೈಟಿಯ ಹಿತ್ತಲಿನ ಕರಿಬೇವಿನ ಗಿಡದ ಬುಡವೇ ಗತಿಯಾಯಿತು.

ಅಲ್ಲಿ ನನ್ನನ್ನು ಕಂಡವರು ಕೆಳಮನೆಯ ಸುಬೇದಾರರು. ಬೆಳಗಾವಿ ಕಡೆಯವರು, ಇಲ್ಲೇ ಬಾಂಬೆ ಸ್ಯಾಪರ್ಸ್‌ನಲ್ಲಿದ್ದು ನಿವೃತ್ತರಾದವರು. ನೆಲಬಾಂಬು ಹುಡುಕುವುದನ್ನೇ ಕಲಿಸಿದ ಕೈ. "ಹಂಗ ಜೋಳಿಗಿ ಬೀಸಿದಂಗ ಬೀಸಬ್ಯಾಡ್ರಿ ಸರ. ನೆಲಕ್ಕ ಸಮನಾಗಿ ಒಯ್ಯಿರಿ" ಎಂದು ಕೋಲು ಇಸಿದುಕೊಂಡರು. ಕೆಲಸ ಶುರುವಾಗುವ ಮೊದಲು ಅವರ ಪಲ್ಟಣಿನ ಭಗತ್ ಸಾಹೇಬರ ಕಥೆ ಆಗಲೇಬೇಕು. 1941ರಲ್ಲಿ ಅಬಿಸೀನಿಯದ ರಸ್ತೆಯಲ್ಲಿ ಪ್ರೇಮೀಂದ್ರ ಸಿಂಗ್ ಭಗತ್ ನಾಲ್ಕು ದಿನ ಬೆಳಗಿನಿಂದ ಸಂಜೆಯ ತನಕ ದುಡಿದು, 55 ಮೈಲಿ ಉದ್ದಕ್ಕೆ 15 ಕಡೆ ಹೂತಿಟ್ಟ ಬಾಂಬುಗಳನ್ನು ತೆಗೆಸಿ, ಕಿವಿಯ ತಮಟೆ ಹರಿದುಕೊಂಡು, ವಿಕ್ಟೋರಿಯಾ ಕ್ರಾಸ್ ಪಡೆದರು. ಯಂತ್ರದ ಮಾತೆಂದರೆ, ಪೋಲೆಂಡಿನ ಕೊಸಾಟ್ಸ್ಕಿ ರೂಪಿಸಿದ ಡಿಟೆಕ್ಟರು ಎಲ್ ಅಲಮೀನ್ ಕಾಳಗಕ್ಕೆ ಬಂದದ್ದು ಮರುವರ್ಷ. ಇದೆಲ್ಲ ಕೇಳಿದ ಮೇಲೆ ಕಡಲತೀರದಲ್ಲಿ ಉಂಗುರ ಹುಡುಕುವ ನನ್ನ ಆಸೆ ಸ್ವಲ್ಪ ಸಣ್ಣದಾಗಿ ಕಂಡಿತು, ಹೋಗಲಿಲ್ಲ.

ಮೊದಲು ನೆಲಕ್ಕೆ ಹೊಂದಿಸಬೇಕು. ಬುಡದ ಸುರುಳಿಯನ್ನು ಒಂದು ಗೇಣಿನಷ್ಟು ಎತ್ತಿ ಇಳಿಸಿ, ಎತ್ತಿ ಇಳಿಸಿ, ಮಣ್ಣಿನ ಗೊಣಗಾಟ ಅಡಗುವ ತನಕ ಗುಂಡಿ ತಿರುಗಿಸುವುದು. ಪುಣೆಯ ಮಣ್ಣು ಕಪ್ಪುಕಲ್ಲಿನಿಂದಾದದ್ದು, ಅದರಲ್ಲೇ ಕಬ್ಬಿಣದ ಅಂಶವಿದೆ. ಸೂಕ್ಷ್ಮತೆಯ ಗುಂಡಿಯನ್ನು ನಾನು ತುದಿಗೇ ತಿರುಗಿಸಿಟ್ಟಿದ್ದೆ: ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ "ಏನದು?" ಎನ್ನುವ ನಮ್ಮ ಸೋದರತ್ತೆಯ ಹಾಗೆ ಅದು ಪ್ರತಿ ಹರಳಿಗೂ ಕೂಗುತ್ತಿತ್ತು. ಸುಬೇದಾರರು ಅರ್ಧಕ್ಕಿಳಿಸಿದರು. ಸದ್ದು ನಿಂತಿತು.

ಆಮೇಲೆ ಪರೀಕ್ಷೆ. ಒಂದು ರೂಪಾಯಿ, ಹತ್ತು ರೂಪಾಯಿ, ಚಾಕಲೇಟಿನ ಬೇಗಡೆ ಹೂತರು. ಬಂಗಾರವೂ ಬೇಕೆಂದಾಗ ಮನೆಯಾಕೆ ಮಹಡಿಯಿಂದಲೇ ಕೈಯಾಡಿಸಿದಳು. ನನ್ನ ಬೆರಳಿನ ತೆಳು ಉಂಗುರವೇ ಮಣ್ಣು ಸೇರಿತು. ಮೊಳೆಗಳ ಕಾಟ ಬೇಡವೆಂದು ಕಬ್ಬಿಣಕ್ಕೆ ಬಾಯಿ ಮುಚ್ಚಿಸಿದರೆ ರೂಪಾಯಿಯೂ ಸುಮ್ಮನಾಯಿತು, ಏಕೆಂದರೆ ಅದು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕು. ಬೇಗಡೆಗೆ ಬಾಯಿ ಮುಚ್ಚಿಸಿದರೆ ಉಂಗುರವೂ ಮೌನ! ತೆಳು ಚಿನ್ನವೂ ಅಲ್ಯೂಮಿನಿಯಂ ಹಾಳೆಯೂ ಈ ಯಂತ್ರದ ಕಿವಿಗೆ ಹೆಚ್ಚುಕಡಿಮೆ ಒಂದೇ ಸ್ವರ. "ಕಚರಾ ಒಲ್ಲೆ ಅಂದ್ರ ಬಂಗಾರನೂ ಒಲ್ಲೆ ಅಂದಂಗ್ರೀ. ಎಲ್ಲಾ ಕೇಳಸ್ಕೊಂಡು ಎಲ್ಲಾ ಅಗೀರಿ" ಎಂದರು. ಅಷ್ಟರಲ್ಲಿ ಮಾಲಿ ನೀರು ಹಾಯಿಸಿ ಗುರುತೆಲ್ಲ ಅಳಿಸಿದ್ದ. ಉಂಗುರ ಸಿಕ್ಕಿದ್ದು ಸುಬೇದಾರರು ಮೊಣಕಾಲೂರಿ, ಓರೆಯಾಗಿ ಕಡ್ಡಿ ಚುಚ್ಚುತ್ತ ಹೋದಾಗ. ಯಂತ್ರ ಗೋಡೆಗೆ ಒರಗಿ ನೋಡುತ್ತಿತ್ತು.

ಕಡಲಿನಲ್ಲಿ ಕಷ್ಟ ಬೇರೆ. ಒಣ ಮರಳು ಸಾಧು. ಆದರೆ ತಣ್ಣೀರಿಗೆ ಬೆರಳು ಸಣ್ಣಗಾಗಿ ಉಂಗುರ ಜಾರುವುದು ಅಲೆ ಬಡಿಯುವ ಒದ್ದೆ ಪಟ್ಟಿಯಲ್ಲಿ. ಅಲ್ಲಿ ಉಪ್ಪುನೀರೇ ವಿದ್ಯುತ್ತು ಹರಿಸಿ ಲೋಹದ ವೇಷ ಹಾಕುತ್ತದೆ. ಮಾಜಾಳಿಯ ಹತ್ತಿರದ ತಿಳಮಾತಿಯಂತೆ ಮರಳೂ ಕಪ್ಪಾಗಿದ್ದರೆ ತೀರಿತು. ಉಪ್ಪಿಗೆ ಹೊಂದಿಸಿದರೆ ಮರಳು ಮುನಿಯುತ್ತದೆ, ಮರಳಿಗೆ ಹೊಂದಿಸಿದರೆ ಉಪ್ಪು. ಒಟ್ಟಿಗೇ ಹಲವು ತರಂಗಗಳಲ್ಲಿ ದುಡಿಯುವ ದುಬಾರಿ ಯಂತ್ರಗಳು ಎರಡನ್ನೂ ಸಂಭಾಳಿಸುತ್ತವೆ. ನನ್ನದು ಒಂದೇ ತರಂಗದ್ದು. ಅಕ್ಕನ ಮಗ ಅದನ್ನು ಅಷ್ಟು ಸುಲಭಕ್ಕೆ ಬಿಟ್ಟುಹೋದದ್ದರ ಗುಟ್ಟು ಇಲ್ಲಿದೆ.

ಕಾನೂನೂ ಉಂಟು. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿಗೆ ಮೀರಿದ್ದರೆ ಕಲೆಕ್ಟರರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರದ್ದೇ ಬೇರೆ ಕಾಯ್ದೆ. ಕರಿಬೇವಿನ ಬುಡದ ಹತ್ತರ ನಾಣ್ಯ ಸರಿಯಾಗಿ ಹತ್ತೇ, ಮೀರಿಲ್ಲ. ಹಾಗೆಂದು ಅದನ್ನು ಜೇಬಿಗಿಳಿಸಿದೆ. ಸುಬೇದಾರರು ಕೈ ಚಾಚಿದರು. ಹೂತದ್ದು ಅವರ ನಾಣ್ಯವಂತೆ. ಕಾರವಾರಕ್ಕೂ ಅವರು ಬರುತ್ತಾರೆ, ಕಡ್ಡಿ ಸಮೇತ.