ಮಂದಗತಿಮೀಮಾಂಸೆ ಅಥವಾ ಹಳೆಯ ಮಾರುತಿ ಜರ್ಕ್ ಹೊಡೆಯುವುದರ ಶಾಸ್ತ್ರೀಯ ವಿವೇಚನೆ

ಅಧಿಕಾರಿ ಮತ್ತು ವಿಷಯ: ಜೇಬು ಸಣ್ಣದಾಗಿ ಗಾಡಿ ಹಳೆಯದಾಗಿರುವವನೇ ಈ ಶಾಸ್ತ್ರಕ್ಕೆ ಅಧಿಕಾರಿ. 1983ರ ಡಿಸೆಂಬರಿನಲ್ಲಿ ಅವತರಿಸಿದ, ಮೂರು ಸಿಲಿಂಡರಿನ, 796 ಸಿಸಿಯ ಮಾರುತಿ 800 ಇಲ್ಲಿನ ವಿಷಯ. ಅದರಲ್ಲೂ ಕಾರ್ಬೊರೇಟರ್ ಸಂಪ್ರದಾಯದ್ದು ಮಾತ್ರ. ಎಂಪಿಎಫ್‌ಐ ಪಂಥದವರು ಬೇರೆ ಭಾಷ್ಯ ನೋಡಿಕೊಳ್ಳತಕ್ಕದ್ದು.

ಲಕ್ಷಣ: ಸಿಗ್ನಲ್ಲಿನಲ್ಲಿ ಹಸಿರು ಬೀಳುತ್ತದೆ. ಆಕ್ಸಿಲರೇಟರ್ ತುಳಿದರೆ ಗಾಡಿ ಮುಗ್ಗರಿಸಿ, ಕೆಮ್ಮಿ, ಹಿಂದಿನವರ ಹಾರ್ನನ್ನೆಲ್ಲ ಆಲಿಸಿ, ಆಮೇಲೆ ಹೊರಡುತ್ತದೆ. ಅರವತ್ತು ಮುಟ್ಟಿದರೆ ಬೆಣ್ಣೆಯ ಹಾಗೆ ಓಡುತ್ತದೆ.

ಪೂರ್ವಪಕ್ಷ: ಪ್ಲಗ್‌ವಾದಿಗಳು ಹಳೆಯ ಪ್ಲಗ್ಗಿನ ಮುಖವನ್ನೂ ನೋಡದೆ ಹೊಸದನ್ನು ಪ್ರತಿಷ್ಠಾಪಿಸುತ್ತಾರೆ. ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಂದಾಗಿದ್ದರೆ ಕ್ಷೇಮ ಎಂಬ ಸೂತ್ರ ಅವರಿಗೆ ಪಾಠವಾಗಿಲ್ಲ. ಕಾರ್ಬೊರೇಟರ್‌ವಾದಿಗಳು ಇಡೀ ಅಂಗವನ್ನು ಬಿಚ್ಚಿ ಪೆಟ್ರೋಲಿನ ಅಭಿಷೇಕ ಮಾಡುತ್ತಾರೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಪ್ರಸಾದವಾಗಿ ಉಳಿಯುತ್ತದೆ. ಕಲಬೆರಕೆವಾದಿಗಳದು ಒಂದೇ ಮಂತ್ರ: ಬಂಕ್ ಬದಲಿಸಿ.

ಖಂಡನೆ: ದೋಷ ವೇಗದಲ್ಲಿ ಮಾಯವಾಗುವುದೇಕೆ? ಈ ಪ್ರಶ್ನೆಗೆ ಮೂವರೂ ಮೌನಿಗಳು. ಬಂಕಿನ ನೀರು ಅರವತ್ತರಲ್ಲಿ ಪೆಟ್ರೋಲಾಗುವುದುಂಟೆ? ಥ್ರಾಟಲ್ ಮುಚ್ಚಿದ್ದಾಗ ಮ್ಯಾನಿಫೋಲ್ಡಿನ ಸೆಳೆತ ಜೋರು. ಆಗ ವ್ಯಾಕ್ಯೂಮ್ ಹೋಸಿನ ಕೂದಲೆಳೆಯಷ್ಟು ಬಿರುಕೂ ಕಳ್ಳಗಾಳಿಯನ್ನು ಒಳಬಿಡುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಧರ್ಮಸೂತ್ರ ಅಲ್ಲಿಗೆ ಕೆಟ್ಟಿತು. ಥ್ರಾಟಲ್ ತೆರೆದಂತೆ ಸೆಳೆತ ತಗ್ಗುತ್ತದೆ, ಹೆಬ್ಬಾಗಿಲಿನಿಂದಲೇ ಗಾಳಿ ನುಗ್ಗುತ್ತದೆ, ಕಿಂಡಿಯದು ಲೆಕ್ಕಕ್ಕಿಲ್ಲ.

ಪರೀಕ್ಷಾವಿಧಿ: ಎಂಜಿನ್ ಐಡಲ್‌ನಲ್ಲಿರಲಿ. ಹೋಸುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಅದುಮಿ. ಯಾವುದನ್ನು ಅದುಮಿದಾಗ ಎಂಜಿನ್ ನಡುಕ ಬಿಟ್ಟು ಸಮನಾಗುತ್ತದೋ ಅದರ ಮೇಲೆ ಮೊದಲ ಸಂಶಯ. ಎಲ್ಲವೂ ಸಾಚಾ ಆದರೆ ಎಂಜಿನ್ ಆರಿಸಿ, ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರಿನ ಬಾಯೊಳಗೆ ಇಣುಕುತ್ತ ಥ್ರಾಟಲ್ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ತಡವರಿಸಿದರೆ ಆಕ್ಸಿಲರೇಟರ್ ಪಂಪ್ ಸೋತಿದೆ ಎಂದರ್ಥ. ಈ ವ್ರತದಲ್ಲಿ ಬೀಡಿ ಸಿಗರೇಟು ಸರ್ವಥಾ ನಿಷಿದ್ಧ.

ಸಿದ್ಧಾಂತ: ದೋಷನಿರ್ಣಯ ಖರ್ಚಿನ ಏರಿಕೆಯ ಕ್ರಮದಲ್ಲೇ ನಡೆಯತಕ್ಕದ್ದು: ಮೊದಲು ಹೋಸು, ಆಮೇಲೆ ಪ್ಲಗ್ಗು, ಕಟ್ಟಕಡೆಗೆ ಕಾರ್ಬೊರೇಟರು. ಈ ಕ್ರಮವನ್ನು ತಲೆಕೆಳಗು ಮಾಡುವ ಗ್ಯಾರೇಜಿನ ಆಚಾರ್ಯರಿಗೆ ನಮಸ್ಕಾರ ಸಾಕು, ದಕ್ಷಿಣೆ ಬೇಡ.