ಬೆಳ್ಳಿ ನಾಣ್ಯದ ಮಡಕೆ ಸಿಕ್ಕಾಗ ಅನುಸರಿಸಬೇಕಾದ ಕ್ರಮ

ಬೆಂಗಳೂರಿನ ಕೊಡಿಗೇಹಳ್ಳಿಯಲ್ಲಿ ಪಾಯ ತೋಡುವಾಗ ಮಡಕೆ ಸಿಕ್ಕರೆ ಗಾಬರಿಯಾಗಬೇಡಿ. ಹತ್ತಿರದ ಯಶವಂತಪುರದಲ್ಲೇ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅಗಸ್ಟಸ್, ಟಿಬೇರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳೆಲ್ಲರೂ ಅವುಗಳ ಮೇಲಿದ್ದರು. ಯಾರೋ ಕೂತು ಎಣಿಸಿ ಬರೆದಿಟ್ಟರು, ವಿದ್ವಾಂಸರು ಇಂದಿಗೂ ರೋಮಿನ ವ್ಯಾಪಾರದ ಮಾತು ಬಿಟ್ಟಿಲ್ಲ. ನಿಮ್ಮ ಸೈಟಿನಲ್ಲಿ ಅಂಥ ಅನಾಹುತ ಆಗದಂತೆ ನೋಡಿಕೊಳ್ಳಿ.

ಮೊದಲು ಮಡಕೆ ಒಡೆದು ಮಣ್ಣಿನ ಟ್ರ್ಯಾಕ್ಟರಿಗೆ ಹಾಕಿಸಿ. ನಾಣ್ಯ ಯಾವ ಕಾಲದಲ್ಲಿ ಹೂತದ್ದು ಎಂದು ಸಾಕ್ಷಿ ಹೇಳುವುದು ಮಡಕೆ, ಆಮೇಲೆ ಸುತ್ತಲಿನ ಮಣ್ಣು. ಜೆಸಿಬಿಯವನಿಗೆ ನಾಲ್ಕು, ಮೇಸ್ತ್ರಿಗೆ ಆರು, ಭಾವಮೈದನಿಗೆ ಒಂದು ಹಿಡಿ ಕೊಡಿ. ಇನ್ನು ಬ್ರಹ್ಮ ಬಂದರೂ ಲೆಕ್ಕ ಸಿಗುವುದಿಲ್ಲ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ. ಅವರಿಗೆ ಬೇರೆ ಕೆಲಸ ಬೇಕಾದಷ್ಟಿದೆ, ತೊಂದರೆ ಕೊಡಬೇಡಿ.

ಈಗ ತೊಳೆಯಿರಿ. ರಾತ್ರಿ ಹುಣಸೆಹಣ್ಣಿನ ರಸದಲ್ಲಿ ನೆನೆಹಾಕಿ, ಬೆಳಿಗ್ಗೆ ಸ್ಟೀಲ್ ಸ್ಕ್ರಬ್ಬರಿನಿಂದ ಉಜ್ಜಿ. ಆ ಕಪ್ಪು ಪದರ ಕೂಡಲು ಎರಡು ಸಾವಿರ ವರ್ಷ ಬೇಕಾಯಿತು, ನಿಮಗೆ ಹತ್ತು ನಿಮಿಷ ಸಾಕು. ಚಕ್ರವರ್ತಿಯ ಮೂಗು ಮಾಯವಾದ ಮೇಲೆ ನಿಲ್ಲಿಸಿ.

ಒಂದು ನಾಣ್ಯವೂ ಸರಿಯಾಗಿ ದುಂಡಗಿರುವುದಿಲ್ಲ. ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ ಕಾಲ. ಏಟು ವಾಲಿದರೆ ದೊರೆಯ ಕಿವಿ ಅಂಚಿನಿಂದ ಹೊರಗೆ. ಒಂದರಂತೆ ಇನ್ನೊಂದಿಲ್ಲ ಎಂದು ನಾಣ್ಯಪ್ರಿಯರು ಬಾಯಿ ಬಿಡುವುದು ಈ ಕೆಟ್ಟ ಕೆಲಸಕ್ಕೇ. ನೀವು ಅರ ಹಿಡಿದು ಅಂಚು ತಿದ್ದಿ. ಉದುರಿದ ಪುಡಿಯನ್ನು ಕಾಗದದಲ್ಲಿ ಕಟ್ಟಿಡಿ, ಅದೂ ಬೆಳ್ಳಿಯೇ. ಇಂಗ್ಲೆಂಡಿನವರು ಈ ವಿದ್ಯೆಯಲ್ಲಿ ಪಳಗಿದ್ದರು. ಪೆನ್ನಿಯ ಅಂಚು ಕತ್ತರಿಸಿ ಕತ್ತರಿಸಿ, ಕೊನೆಗೆ 1247ರಲ್ಲಿ ಮೂರನೆಯ ಹೆನ್ರಿ ಹಿಂಬದಿಯ ಶಿಲುಬೆಯನ್ನು ಅಂಚಿನವರೆಗೂ ಎಳೆಸಬೇಕಾಯಿತು, ಕತ್ತರಿಸಿದ್ದು ಗೊತ್ತಾಗಲಿ ಎಂದು. ರೋಮನರಿಗೆ ಆ ಬುದ್ಧಿ ಬರಲಿಲ್ಲ. ಲಾಭ ನಿಮ್ಮದು.

ಚೆನ್ನಾಗಿರುವುದೊಂದನ್ನು ಮಗುವಿನ ಉಡಿದಾರಕ್ಕೆ ತೆಗೆದಿಡಿ. ತೂತನ್ನು ಅಗಸ್ಟಸ್‌ನ ಹಣೆಯಲ್ಲೇ ಕೊರೆಸಿ, ನೇರವಾಗಿ ನೇತಾಡುತ್ತದೆ. ಮಿಕ್ಕದ್ದನ್ನು ಬೆಳ್ಳಿ ಅಂಗಡಿಗೆ ಒಯ್ಯಿರಿ. ಒಂದೊಂದು ನಾಲ್ಕು ಗ್ರಾಮಿಗೂ ಕಡಿಮೆ, ಅದರಲ್ಲಿ ನೀವು ಉಜ್ಜಿ ಕಳೆದದ್ದೂ ಇದೆ. ಹಳೇ ಬೆಳ್ಳಿ ಎಂದು ಅವನು ರೇಟು ಇಳಿಸುತ್ತಾನೆ. ತಲೆಯಾಡಿಸಿ. ಕರಗಿಸಿ ಕಾಲ್ಗೆಜ್ಜೆ ಮಾಡಿಕೊಡಲು ಹೇಳಿ, ವೇಸ್ಟೇಜಿಗೆ ಮಾತ್ರ ಚೌಕಾಸಿ ಮಾಡಿ.