ಉದಾಹರಣೆಯ ಮನುಷ್ಯರು

ವ್ಯಾಕರಣಸೂತ್ರಗಳನ್ನು ಮರೆತು ಎಷ್ಟು ಕಾಲವಾಯಿತೆಂಬುದನ್ನೇ ನಾನು ಮರೆತಿರುವೆನಾದರೂ, ಆ ಸೂತ್ರಗಳ ಊಳಿಗದಲ್ಲಿ ಬೆವರು ಸುರಿಸಿದ ರಾಮನನ್ನು ಮಾತ್ರ ಮರೆಯಲಾರೆನು. ಹೊಳೆನರಸೀಪುರದ ಶಾಲೆಯಲ್ಲಿ, ಹೇಮಾವತಿಯ ಮೇಲಿಂದ ಬೀಸುವ ಗಾಳಿ ಕಣ್ಣಿಗೆ ನಿದ್ದೆ ತರುತ್ತಿದ್ದ ಮಧ್ಯಾಹ್ನಗಳಲ್ಲಿ, ದ್ವಿತೀಯಾ ವಿಭಕ್ತಿಗೆಂದು ಮರವನ್ನು ಕಡಿದು, ತೃತೀಯೆಗೆಂದು ಅದನ್ನೇ ಕೊಡಲಿಯಿಂದ ಕಡಿದು, ಕರ್ಮಣಿಪ್ರಯೋಗದ ಪಾಠ ಬಂದೊಡನೆ ಆ ಮರವೇ ಮತ್ತೊಮ್ಮೆ ತನ್ನಿಂದ ಕಡಿಯಲ್ಪಡುವುದನ್ನು ಕಂಡೂ ಗೊಣಗದ ಅಂಥ ಸಹಿಷ್ಣುವನ್ನು ನಾನು ಪುಸ್ತಕದ ಹೊರಗೆಲ್ಲಿಯೂ ಕಂಡಿಲ್ಲ.

ದೇವದತ್ತನ ಪರಿಚಯವಾದದ್ದು ಚನ್ನರಾಯಪಟ್ಟಣದ ಸೋದರಮಾವನವರ ಮನೆಯಲ್ಲಿ. ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನು ರಾತ್ರಿಯಲ್ಲಿ ಉಣ್ಣುತ್ತಿರಲೇಬೇಕೆಂಬುದು ಮೀಮಾಂಸಕರು ಅರ್ಥಾಪತ್ತಿ ಪ್ರಮಾಣಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಏಕಾದಶಿಯ ನಿರಾಹಾರದ ದಿನವೇ ಮಾವನವರು ಇದನ್ನು ನನಗೆ ವಿವರಿಸುತ್ತಿರಲಾಗಿ, ಅತ್ತೆಯವರು ಬರಿದಾಗಿದ್ದ ಅವಲಕ್ಕಿಯ ಡಬ್ಬವನ್ನು ತಂದು ಅವರೆದುರಿಗಿಟ್ಟು, ಒಂದು ಮಾತನ್ನೂ ಆಡದೆ ಒಳಗೆ ಹೋದರು. “ಅರ್ಥವಾಯಿತಷ್ಟೆ, ಮಗು? ಮುಂದಿನ ಪ್ರಮಾಣಕ್ಕೆ ಹೋಗೋಣ” ಎಂದರು ಮಾವನವರು.

ನಮ್ಮ ಸೀಮೆಯನ್ನಾಳಿದ ಹೊಯ್ಸಳರ ಕಾಲದಲ್ಲಿ, ಸುಮಾರು 1260ರಲ್ಲಿ, ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನಾದರೋ ಪೂರ್ವಕವಿಗಳ ಪ್ರಯೋಗಗಳನ್ನೇ ಲಕ್ಷ್ಯವಾಗಿ ಆಯ್ದುಕೊಂಡನು; ಮೂಲಕಾವ್ಯ ಅಳಿದುಹೋಗಿ, ಉದಾಹರಣೆಯೆಂದು ಸೂತ್ರದ ಬೆನ್ನಿಗಂಟಿದ ಪದ್ಯ ಮಾತ್ರ ಬದುಕಿಕೊಂಡದ್ದೂ ಉಂಟು. ನಿಯಮದ ಸೇವೆಗೆ ಬಂದವರು ಒಡೆಯನಿಗಿಂತ ದೀರ್ಘಾಯುಗಳಾಗುವುದು ಹೀಗೆ.

ಉದಾಹರಣೆಗಳಿಗೆ ಹೀಗೆ ಮನಸೋಲುವುದು ನಮ್ಮ ನಾಡಿನದೊಂದೇ ದೌರ್ಬಲ್ಯವಲ್ಲವೆಂದು ನನಗೆ ಮನವರಿಕೆಯಾದದ್ದು, ಅಮೆರಿಕದಲ್ಲಿರುವ ಮಗನು ಕಳೆದ ಬೇಸಿಗೆಯಲ್ಲಿ ಹಾಸನದ ಮನೆಗೆ ಬಂದಾಗ. ಅವನ ಪೆಟ್ಟಿಗೆಯಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಿಯಮಪುಸ್ತಿಕೆಯೊಂದು ಇದ್ದಿತು. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಬಾಯಿಮಾತಿನಲ್ಲಿಯೇ ಧರಿಸಿ, ದಾಳ ಉರುಳಿಸುತ್ತ ರಾಕ್ಷಸರೊಡನೆ ಕಾದುವ ಈ ಆಟವು ತಾಳಮದ್ದಲೆಗೂ ಪಗಡೆಗೂ ಹುಟ್ಟಿದ ಕೂಸಿನಂತೆ ನನಗೆ ತೋರಿತು.

ಅದರಲ್ಲಿ ಮಾದರಿಗೆಂದು ಕ್ಸೈಲಾರ್ಥೆನ್ ಎಂಬ ಮಾಂತ್ರಿಕನಿದ್ದಾನೆ. ಮೂರು ದಾಳಗಳಿಂದ 18ರವರೆಗೂ ಪಡೆಯಬಹುದಾದಲ್ಲಿ ಈ ಬಡಪಾಯಿಗೆ ದೇಹಬಲದಲ್ಲಿ 6, ಬುದ್ಧಿಯಲ್ಲಿ 11, ವಿವೇಕದಲ್ಲಿ 13. ಪುರೋಹಿತನಾಗಿದ್ದರೆ ಬೇಗನೆ ಮೇಲೇರುತ್ತಿದ್ದನಾದರೂ, ಮನಸ್ಸು ಮಂತ್ರವಿದ್ಯೆಯ ಕಡೆಗಿದ್ದುದರಿಂದ ಅದನ್ನೇ ಹಿಡಿದನಂತೆ. ಗುಮಾಸ್ತಿಕೆಯನ್ನು ಬಿಟ್ಟು ಬರೆವಣಿಗೆ ಹಿಡಿದ ನನ್ನನ್ನು ಬೈದ ಬಾಯಿಯಲ್ಲಿಯೇ ಅರಕಲಗೂಡಿನ ನಮ್ಮ ತಂದೆಯವರು ಇವನನ್ನೂ ಬೈಯುತ್ತಿದ್ದರು.

ಅದೇ ಆಟದ 1983ರ ಆವೃತ್ತಿಯಲ್ಲಿ, ಹೊಸಬರಿಗೆ ಆಟವನ್ನು ಕಲಿಸುತ್ತಲೇ ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನಿಂದ ಹತಳಾಗುವ ಅಲೀನ ಎಂಬವಳ ಕಥೆಯನ್ನು ಹೇಳುವಾಗ ಮಗನ ಗಂಟಲು ಕಟ್ಟಿತು.

“ಬರಿಯ ಉದಾಹರಣೆಯಲ್ಲವೇನೋ ಅವಳು?” ಎಂದೆನು.

“ನಿಮ್ಮ ದೇವದತ್ತನೋ, ಅಪ್ಪಾ?” ಎಂದನು.

ನಾನು ಸುಮ್ಮನಾದೆನು, ಏಕೆಂದರೆ ಅವನಿಗೆ ಹೇಳದೆ ಮುಚ್ಚಿಟ್ಟ ಸಂಗತಿಯೊಂದಿತ್ತು. ಹೊಳೆನರಸೀಪುರದಲ್ಲಿ ಒಮ್ಮೆ, ಜಾತ್ರೆಗೆ ಹೋಗುವ ಸಲುವಾಗಿ, ಪುಸ್ತಕದಲ್ಲಿದ್ದ ಮಾದರಿ ರಜಾ ಅರ್ಜಿಯನ್ನು ಅದರ ಜ್ವರ, ವಿಧೇಯತೆಗಳ ಸಮೇತ ನಕಲು ಮಾಡಿದ ನಾನು, ನಿಷ್ಠೆಯ ಭರದಲ್ಲಿ ಕೆಳಗಿದ್ದ ‘ಅ.ಬ.ಕ.’ ಎಂಬ ಹೆಸರನ್ನೂ ಬಿಡದೆ ಬರೆದು ಕಳುಹಿಸಿದ್ದೆನು. ಮರುದಿನ ಮೇಷ್ಟ್ರು ಹಾಜರಿ ಹಾಕುತ್ತ, “ಅ.ಬ.ಕ. ಬಂದಿದ್ದಾನೆಯೇ?” ಎಂದು ಕೇಳಲು, ಇಡೀ ತರಗತಿಯೇ ನನ್ನತ್ತ ತಿರುಗಿತು.

ಮಗನೊಡನೆ ಈ ಮಾತು ನಡೆದ ವಾರವೇ, ಅವನ ಜೊತೆಯಲ್ಲಿ ಹಾಸನದ ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದಾಗ, ಕೋಲೂರಿಕೊಂಡು ಬಂದ ವೃದ್ಧರೊಬ್ಬರು ನನ್ನ ಮುಖವನ್ನು ಬಹಳ ಹೊತ್ತು ನಿರುಕಿಸಿ, ನಿಜನಾಮಕ್ಕಾಗಿ ತಡಕಾಡಿ ಸೋತು, ಕಡೆಗೆ ಮುಖವರಳಿಸಿ ಕೇಳಿದರು:

“ಏನೋ ಅ.ಬ.ಕ., ಜ್ವರ ಬಿಟ್ಟಿತೇನೋ?”